ದೇವರ ಸಾ|| ಎಲ್ಲಿ?

ದೋಸ್ತ,

ಪತ್ರ ಬರಿ ಅಂದಿ, ಬರಿಲತ್ತೀನಿ. ನಾಲ್ಕು ಮಂದಿ ಓದೂ ಜಾಗದಾಗ ಹಾಕಿದಾ ಅಂತ ಸಿಟ್ಟಾಗಬ್ಯಾಡ. ಸುಪರ್ ಮಾರ್ಕೆಟ್ ಛತ್ರಿ ವಿಷಯ ಎತ್ತಂಗಿಲ್ಲ, ಆಣಿ.

ನಿನಗ ಗೊತ್ತಲ್ಲ, ಕಲಬುರಗಿ ಕೋರ್ಟಿನ ಮುಂದ ಕುಂತು ದಿನಾ ಟೈಪ್ ಮಾಡ್ತೀನಿ: ವಯ, ಉದ್ಯೋಗ, ಸಾ||. ಈ ‘ಸಾ’ ಅಂದ್ರ ಏನಂತ ಇಪ್ಪತ್ತು ವರ್ಷದಾಗ ಒಮ್ಮಿನೂ ಕೇಳಿರಲಿಲ್ಲ. ಮೊನ್ನೆ ನಿಜಾಮರ ಕಾಲದ ಉರ್ದು ಕಾಗದ ಓದಿಸಲಿಕ್ಕೆ ಹೋದಾಗ ಮುನ್ಶಿ ಚಾಚಾ ಹೇಳಿದ್ರು: ‘ಸಾಕಿನ್’, ನೆಲೆಸಿದಾವ. ಅರಬ್ಬಿ ಮಾತು. ಮನಿಗಿ ಬಂದು ಮೊಬೈಲಿನಾಗ ಕೆದಕಿದ್ರ ಯಹೂದಿಗಳ ಹೀಬ್ರೂದಾಗೂ ಅದೇ ಬೇರು. ದೇವರು ಮಂದಿ ನಡುವ ಇರೂದಕ್ಕ ಅವರು ‘ಶೆಖಿನಾ’ ಅಂತಾರ. ಕ್ರಿ.ಶ. 70ರಾಗ ರೋಮನ್ನರು ಜೆರುಸಲೇಮಿನ ಗುಡಿ ಕೆಡವಿದರು. ಮನಿನೇ ಹೋತು, ಇನ್ನ ದೇವರ ವಿಳಾಸ? ಅವರ ಗುರುಗಳಂದ್ರು: ಮಂದಿ ಎಲ್ಲೆಲ್ಲಿ ಗಡೀಪಾರಾದರೋ ಅಲ್ಲೆಲ್ಲ ಶೆಖಿನಾನೂ ಜೋಡಿ ಹೋತು. ಬಾಡಿಗಿ ಮನಿ ಬದಲಿಸಿ ಸುಸ್ತಾದ ನನ್ನಂಥಾವಗ ಈ ದೇವರು ಭಾಳ ಹಿಡಿಸಿದ, ಖರೇ.

ಕ್ರೈಸ್ತರ ಬೈಬಲಿನ ಯೋಹಾನನ ಸುವಾರ್ತೆದಾಗ ದೇವರ ವಾಕ್ಯನೇ ಮೈ ತೊಟ್ಟು ಬರ್ತದ, ಮೂಲ ಗ್ರೀಕಿನಾಗ ‘ನಮ್ಮ ನಡುವ ಡೇರೆ ಹಾಕ್ತು’ ಅಂತ ಅದ. ಚಾಚಾಗ ಇದು ಹೇಳಿದ್ರ ತಲಿ ಅಲ್ಲಾಡಿಸಿದ್ರು. “ಅಲ್ಲಾಹ್ ಮೈ ತೊಡಂಗಿಲ್ಲ ಬೇಟಾ. ಆದ್ರ ನಿನ್ನ ಕೊರಳ ನರಕ್ಕಿಂತ ಹತ್ತಿರ ಅದಾನಂತ ಕುರಾನ್ ಹೇಳ್ತದ.”

ಕೊರಳು ಅಂದಕೂಡ್ಲೆ ನನಗ ಕಸಿವಿಸಿ. ನಾವು ಲಿಂಗಾಯತರು, ನಮ್ಮ ದೇವರೂ ಒಬ್ಬನೇ, ಅವನ ಜಾಗನೂ ಕೊರಳೇ. ಎರಡು ವರ್ಷದ ಹಿಂದ ಸ್ಕ್ಯಾನ್ ಮಾಡಿಸೂ ಮುಂದ ಇಷ್ಟಲಿಂಗ ಇಡೂ ಕರಡಿಗಿ ತೆಗೆದಾವ ತಿರುಗಿ ಕಟ್ಟಿಕೊಳ್ಳಲೇ ಇಲ್ಲ. ಅವ್ವ ಕೇಳಿದಾಗೆಲ್ಲ ಅಂಗಿ ಮ್ಯಾಲ ಕೈಯಿಟ್ಟು “ಅದ” ಅಂತಿದ್ದೆ. ಕಾರಹುಣ್ಣಿವಿ ಮುಂದ ಅಕಿ ಅಂಗೈಯಾಗ ಲಿಂಗ ಇಟ್ಟು ಮಣ್ಣು ಕೊಡೂವಾಗ ನನ್ನ ಕೈ ತಾನೇ ಎದಿಗಿ ಹೋತು. ಜೇಬಿನಾಗ ಪೆನ್ನಿತ್ತು.

ಇದು ಯಾರಿಗೂ ಹೇಳಿರಲಿಲ್ಲ. ಈಗ ಊರಿಗೇ ಡಂಗುರ ಹೊಡದಂಗಾತು ನೋಡು. (ಓದಿದವರು ನಮ್ಮ ಮನಿಯಾಕಿಗಿ ಟ್ಯಾಗ್ ಮಾಡಬ್ಯಾಡ್ರಿ, ಕೈ ಮುಗಿತೀನಿ.)

ಸದ್ಯ ಅಫಿಡವಿಟ್ ಟೈಪ್ ಮಾಡಿದ್ರ ಹಿಂಗ ಆಗ್ತದ: ವಯ: ಗೊತ್ತಿಲ್ಲ, ಉದ್ಯೋಗ: ದೇವರು, ಸಾ|| ಅಲ್ಮಾರಿ, ಎರಡನೇ ಖಾನೆ, ಎಲ್‌ಐಸಿ ಬಾಂಡಿನ ಬಾಜೂಕ. ಛಾಪಾ ಕಾಗದ ನೀನೇ ತಾ. ಬರೂವಾಗ ಛತ್ರಿನೂ ತಗೊಂಡು ಬಾ.