ಎರಡನೇ ಬೈಪಾಸ್ ಯಾಕೆ ಬೇಡ ಅಂದೆ: ಮಗಳಿಗೊಂದು ಪತ್ರ

ಡೊಂಬಿವಲಿ,
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ನೀನು ಅತ್ತಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಸ್ಟೆಂಟ್, ಅಂದರೆ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಹಾಕಿಸಿಕೊಳ್ಳುತ್ತೇನೆ ಎಂದು ನಾನು ಹೇಳಿದ್ದಕ್ಕೆ ನೀನು "ಸ್ಟೆಂಟ್ ಎಲ್ಲ ನಾಲ್ಕು ದಿನದ್ದು ಅಮ್ಮಾ, ಇನ್ನೊಂದು ಸಲ ಬೈಪಾಸ್ ಮಾಡಿಸಿಬಿಡು, ದುಡ್ಡಿನ ಯೋಚನೆ ಬೇಡ" ಅಂದೆ. ದುಡ್ಡಿನ ಮಾತಲ್ಲ ಮಗಾ. ಫೋನಿನಲ್ಲಿ ನಿನ್ನ ಅಳು ಕೇಳಿದರೆ ನನಗೆ ಮಾತು ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

2008ರಲ್ಲಿ ನನಗೆ ಮೊದಲ ಬೈಪಾಸ್ ಆದಾಗ ನೀನು ಹತ್ತನೇ ತರಗತಿ. ನಿನಗೆ ನೆನಪಿರುವುದು ನನ್ನ ಎದೆಯ ಗಾಯ. ನನ್ನನ್ನು ಹೆಚ್ಚು ಕಾಡಿದ್ದು ಕಾಲಿನದು, ಸೀರೆಯ ಅಂಚು ತಾಗಿದರೂ ಉರಿಯುತ್ತಿತ್ತು. ಅಲ್ಲಿಂದ ತೆಗೆದ ನಾಳವನ್ನು ಎರಡು ತುಂಡು ಮಾಡಿ, ಮುಚ್ಚಿದ ಜಾಗವನ್ನು ದಾಟಿ ರಕ್ತ ಹರಿಯುವಂತೆ ಹೃದಯಕ್ಕೆ ಹೊಲಿದರು. ಮೂರನೆಯದು ಎದೆಗೂಡಿನ ಒಳಗೇ ಇರುವ ಅಪಧಮನಿ. ಅದನ್ನು ಹೃದಯದ ಮುಂಭಾಗದ ದೊಡ್ಡ ನಾಳಕ್ಕೆ ಜೋಡಿಸಿದರು. ಆಗ ನಮಗೆ ಇದೆಲ್ಲ ಒಂದೇ ಆಪರೇಷನ್; ಯಾವ ನಾಳ ಎಲ್ಲಿಯದು ಎಂದು ಕೇಳಲೇ ಇಲ್ಲ. ಈಗ ನೋಡಿದರೆ ಅದೇ ಮುಖ್ಯ.

ಕಾಲಿನ ಸಿರೆ ಕಡಿಮೆ ಒತ್ತಡದಲ್ಲಿ ರಕ್ತ ಸಾಗಿಸಿ ರೂಢಿಯಾದದ್ದು. ಹೃದಯದ ಹತ್ತಿರ ತಂದು ಕೂರಿಸಿದರೆ ಒತ್ತಡ ತಾಳದೆ ಅದರ ಗೋಡೆ ದಪ್ಪವಾಗುತ್ತದೆ, ಆಮೇಲೆ ಜಿಡ್ಡು ಕಟ್ಟುತ್ತದೆ. ಹತ್ತು ವರ್ಷದಲ್ಲಿ ಇಂಥವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕೆಡುತ್ತವಂತೆ. ಎದೆಯ ಅಪಧಮನಿಯ ಕಥೆಯೇ ಬೇರೆ. ಹತ್ತು ವರ್ಷ ಕಳೆದರೂ 100ರಲ್ಲಿ 90 ಚೆನ್ನಾಗಿಯೇ ಇರುತ್ತವೆ. ಮೊನ್ನೆ ಆಂಜಿಯೋಗ್ರಾಂ ಮಾಡುವಾಗ ಡಾಕ್ಟರ್ ಪರದೆ ನನ್ನ ಕಡೆ ತಿರುಗಿಸಿದರು. ಕಾಲಿನ ಒಂದು ನಾಳ ಬುಡದಲ್ಲೇ ಮುಚ್ಚಿದೆ. ಇನ್ನೊಂದು ಅಲ್ಲಲ್ಲಿ ದಾರದಷ್ಟು ಸಣ್ಣಗಾಗಿದೆ. ಆದರೆ ಎದೆಯದು, ಪುಟ್ಟಿ, ಔಷಧಿ ಬಿಟ್ಟ ಕೂಡಲೇ ಮೇಲಿಂದ ಕೆಳಗಿನವರೆಗೆ ಕಪ್ಪಗೆ, ನುಣ್ಣಗೆ ತುಂಬಿಕೊಂಡಿತು. ಹದಿನೇಳು ವರ್ಷದಿಂದ ನನ್ನನ್ನು ಉಳಿಸಿದ್ದು ಇದು. ಮಲಗಿದಲ್ಲೇ ಕಣ್ಣು ತುಂಬಿ ಬಂತು.

ನನ್ನ ಭಯವೂ ಅದರದ್ದೇ. ಮೊದಲ ಸಲ ಎದೆ ತೆರೆದಾಗ ಹೃದಯ ತನ್ನ ಚೀಲದೊಳಗೆ ಬಿಡಿಯಾಗಿತ್ತು. ಗಾಯ ಮಾಯುತ್ತಾ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದೆ. ಹಳೇ ರೇಷ್ಮೆ ಸೀರೆಯ ಫಾಲ್ ಬಿಚ್ಚುವಾಗ ನೋಡಿದ್ದೀಯಲ್ಲ, ದಾರ ಬಟ್ಟೆಯನ್ನು ಕಚ್ಚಿ ಹಿಡಿದಿರುತ್ತದೆ. ಎಷ್ಟು ನಾಜೂಕಾಗಿ ಎಳೆದರೂ ಎಲ್ಲೋ ಒಂದು ಕಡೆ ಪರ್ರ್ ಅನ್ನುತ್ತದೆ. ಎದೆಮೂಳೆಯನ್ನು ಮತ್ತೆ ಕೊಯ್ಯುವಾಗ ಅದರ ಹಿಂಬದಿಗೆ ಹೃದಯ ಅಂಟಿಕೊಂಡಿರಬಹುದು, ಈ ನಾಳವೂ ಅಲ್ಲೇ ಹಾದುಹೋಗಿರಬಹುದು. ಗರಗಸ ತಗುಲಿದರೆ ನನ್ನ ಹೃದಯಕ್ಕೆ ಉಳಿದಿರುವ ದೊಡ್ಡ ಆಸರೆಯೇ ಹೋಯಿತು. ಅದಕ್ಕೇ ಮೊದಲು ಸಿಟಿ ಸ್ಕ್ಯಾನ್ ಮಾಡಿ ಮೂಳೆಗೂ ನಾಳಕ್ಕೂ ಎಷ್ಟು ಅಂತರ ಎಂದು ನೋಡುತ್ತಾರೆ, ಕೆಲವರಿಗೆ ಎದೆ ತೆರೆಯುವ ಮೊದಲೇ ತೊಡೆಯ ರಕ್ತನಾಳದಿಂದ ಹೃದಯ-ಶ್ವಾಸಕೋಶದ ಯಂತ್ರಕ್ಕೆ ದಾರಿ ಮಾಡಿಟ್ಟುಕೊಳ್ಳುತ್ತಾರೆ. ಹಳೇ ಕಾಲಿನ ನಾಳ ಕೈಗೆ ಸಿಕ್ಕು ಅಲುಗಾಡಿದರೆ ಒಳಗಿನ ಜಿಡ್ಡಿನ ಚೂರು ಕಳಚಿ ಮುಂದೆ ಹೋಗಿ ಸಣ್ಣ ನಾಳಗಳನ್ನು ಮುಚ್ಚಬಹುದು, ಆಪರೇಷನ್ ಟೇಬಲ್ ಮೇಲೆಯೇ ಹಾರ್ಟ್ ಅಟ್ಯಾಕ್ ಆದಂತೆ. ಜೊತೆಗೆ ಹೊಸದಾಗಿ ಜೋಡಿಸಲು ಒಳ್ಳೆಯ ನಾಳ ನನ್ನಲ್ಲಿ ಎಷ್ಟು ಉಳಿದಿದೆ ಎಂಬ ಪ್ರಶ್ನೆ. ಆಗ ನನಗೆ 52, ಸಕ್ಕರೆ ಕಾಯಿಲೆ ಇರಲಿಲ್ಲ. ಈಗ 69, ಸಕ್ಕರೆ ಇದೆ.

ಮೊದಲ ಬೈಪಾಸ್ ಅನ್ನು ಮುಂಚೆಯೇ ದಿನ ಗೊತ್ತುಮಾಡಿ ಮಾಡಿದ್ದಾದರೆ ಜೀವಕ್ಕೆ ಅಪಾಯ 100ರಲ್ಲಿ ಒಬ್ಬಿಬ್ಬರಿಗೆ. ಎರಡನೆಯದರಲ್ಲಿ ಅದು ಎರಡರಿಂದ ನಾಲ್ಕು ಪಟ್ಟು. ನುರಿತ ಕೈಗಳಲ್ಲಿ ಈಗ ಮೊದಲಿಗಿಂತ ಎಷ್ಟೋ ವಾಸಿ, ಹೆಚ್ಚಿನವರು ನಡೆದುಕೊಂಡೇ ಮನೆಗೆ ಬರುತ್ತಾರೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಎದೆಯ ನಾಳ ಮುಚ್ಚಿದ್ದಿದ್ದರೆ, ಅಥವಾ ಮೊದಲ ಸಲ ಅದನ್ನು ಬಳಸದೇ ಬಿಟ್ಟಿದ್ದರೆ, ಡಾಕ್ಟರೇ ಆಪರೇಷನ್ ಕಡೆ ವಾಲುತ್ತಿದ್ದರು, ನಾನೂ ಒಪ್ಪುತ್ತಿದ್ದೆ. ಅದು ತೆರೆದಿರುವುದರಿಂದಲೇ ಅವರು ಸ್ಟೆಂಟ್ ಅನ್ನುತ್ತಿದ್ದಾರೆ. ಅದೂ ಹಳೇ ಕಾಲಿನ ನಾಳದಲ್ಲಿ ಅಲ್ಲ, ಹುಟ್ಟಿನಿಂದ ನನ್ನದೇ ಆದ ನಾಳದಲ್ಲಿ, ಜಿಡ್ಡಿನ ಚೂರಿನ ಭಯ ಅಲ್ಲಿ ಕಡಿಮೆ. ನೀನು ಹೇಳಿದ್ದರಲ್ಲೂ ಸತ್ಯವಿದೆ, ಸ್ಟೆಂಟ್ ಮತ್ತೆ ಮುಚ್ಚಬಹುದು, ಇನ್ನೊಂದು ಸಲ ಹೋಗಬೇಕಾಗಬಹುದು. ಹೋಗೋಣ.

ಇನ್ನೊಂದು ವಿಷಯ ನಿನಗೆ ಹೇಳಿರಲಿಲ್ಲ. ನಿನ್ನ ಮದುವೆಯ ನಂತರ ಮೂರು ವರ್ಷ ನಾನು ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟಿದ್ದೆ. ಲಿವರ್ ಕೆಡುತ್ತದೆ ಅಂತ ಯಾರೋ ಹೇಳಿದರು, ಚೆನ್ನಾಗಿಯೇ ಇದ್ದೇನಲ್ಲ ಅನ್ನಿಸಿತು. ಆ ನಾಳಗಳಿಗೆ ಜಿಡ್ಡು ಕಟ್ಟದಂತೆ ಕಾಯುವುದೇ ಆ ಮಾತ್ರೆ. ಕಳೆದ ತಿಂಗಳು ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಿ ಬರುವಾಗ ಸ್ಟೇಷನ್ ಬ್ರಿಜ್ ಮೇಲೆ ಎದೆ ಬಿಗಿದು ನಿಂತೆನಲ್ಲ, ಆಗ ಮೊದಲು ನೆನಪಾದದ್ದು ಅದೇ. ನಿನಗೆ ಹೇಳದೆ ಇದ್ದದ್ದು ತಪ್ಪು.

ಸ್ಟೆಂಟ್ ಹಾಕುವುದು ಮುಂದಿನ ಗುರುವಾರ. ಬುಧವಾರ ರಾತ್ರಿಯೇ ಬಾ, ಕಾಗದಕ್ಕೆ ಸಹಿ ಹಾಕುವ ಮೊದಲು ನಿನ್ನ ಪ್ರಶ್ನೆಗಳನ್ನೆಲ್ಲ ಡಾಕ್ಟರ ಹತ್ತಿರವೇ ಕೇಳು. ಆಮೇಲೆ ರಕ್ತ ಹೆಪ್ಪುಗಟ್ಟದಂತೆ ಎರಡು ಮಾತ್ರೆ ಕೊಡುತ್ತಾರಂತೆ, ಅವರು ಹೇಳದೆ ಒಂದು ದಿನವೂ ತಪ್ಪಿಸುವಂತಿಲ್ಲ. ಏಳು ಮನೆಯ ಆ ಮಾತ್ರೆ ಡಬ್ಬಿ ತೆಗೆದುಕೊಂಡು ಬಾ. ರಾತ್ರಿ ಊಟವಾದ ಮೇಲೆ ಅದನ್ನು ವಿಡಿಯೋ ಕಾಲ್‌ನಲ್ಲಿ ನಿನಗೆ ತೋರಿಸುತ್ತೇನೆ, ಅವತ್ತಿನ ಮನೆ ಖಾಲಿಯಿರದಿದ್ದರೆ ಬೈಯಬೇಕು ನೀನು.

ನಿನ್ನ,
ಅಮ್ಮ