ಒಂಬತ್ತನೇ ತರಗತಿಯ ಪೋಷಕರಿಗೆ: ಟೆರೇಸ್ ಮೇಲಿನ ಪಾಚಿ ಪ್ರಯೋಗ

ಮಾನ್ಯ ಪೋಷಕರೇ,

ಬಿಸಿಲಿನ ನೇರಳಾತೀತ (ಯುವಿ) ಕಿರಣದಿಂದ ನೀಲಿ-ಹಸಿರು ಪಾಚಿಗೆ, ಅಂದರೆ ಸೈನೊಬ್ಯಾಕ್ಟೀರಿಯಾಕ್ಕೆ, ಏನಾಗುತ್ತದೆ ಎಂಬುದನ್ನು ದೀಪಾವಳಿ ರಜೆಯ ನಂತರ ಮಕ್ಕಳು ಶಾಲೆಯ ಟೆರೇಸ್‌ನಲ್ಲಿ ಪರೀಕ್ಷಿಸಲಿದ್ದಾರೆ. ಪಾಚಿ ಸ್ಪಿರುಲಿನಾ, ಅದನ್ನು ಶಾಲೆಯೇ ಕೊಡುತ್ತದೆ.

ಮನೆಯ ವಾಟರ್ ಪ್ಯೂರಿಫೈಯರ್‌ನ ಯುವಿ ದೀಪ ಬಿಚ್ಚಿ ತರಲು ಮಕ್ಕಳನ್ನು ದಯವಿಟ್ಟು ಬಿಡಬೇಡಿ. ಅದು ಸೂಸುವುದು 254 ನ್ಯಾನೊಮೀಟರಿನ ಯುವಿ-ಸಿ. ಕಣ್ಣಿಗೆ ಬಿದ್ದಾಗ ಏನೂ ಗೊತ್ತಾಗುವುದಿಲ್ಲ, ಉರಿ ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಪ್ರಯೋಗಕ್ಕೂ ಅದರಿಂದ ಉಪಯೋಗವಿಲ್ಲ: ಸೂರ್ಯನ ಯುವಿ-ಸಿಯನ್ನು ವಾತಾವರಣ ಮೇಲೆಯೇ ತಡೆಯುತ್ತದೆ. ನಾವು ನೋಡಬೇಕಿರುವುದು ಯುವಿ-ಬಿ (280–315 ನ್ಯಾನೊಮೀಟರ್) ಮತ್ತು ಯುವಿ-ಎ (315–400 ನ್ಯಾನೊಮೀಟರ್).

ಪ್ರತಿ ಗುಂಪಿಗೆ ಒಂದೇ ಅಳತೆಯ ಮೂರು ಅಗಲವಾದ ಬಿಳಿ ಪ್ಲಾಸ್ಟಿಕ್ ಡಬ್ಬಿ ಬೇಕು. ಒಂದಕ್ಕೆ ತೆಳು ಪಾರದರ್ಶಕ ಪಾಲಿಥೀನ್ ಹೊದಿಕೆ. ಅದರಲ್ಲಿ ಎರಡೂ ಕಿರಣ ಹಾಯುತ್ತವೆ. ಇನ್ನೊಂದಕ್ಕೆ ಅಂಚಿಗೆ ಟೇಪ್ ಸುತ್ತಿದ 4 ಮಿ.ಮೀ. ಕಿಟಕಿ ಗಾಜು, ಯುವಿ-ಬಿಯ ಬಹುಪಾಲು ಅಲ್ಲೇ ನಿಲ್ಲುತ್ತದೆ. ಮೂರನೆಯದಕ್ಕೆ ಯುವಿ ತಡೆಯುವ ಪಾಲಿಕಾರ್ಬೊನೇಟ್ ತುಂಡು. ಪಾಲಿಥೀನ್ ಬದಲು ತಂಪು ಪಾನೀಯದ ಬಾಟಲಿ ಕತ್ತರಿಸಿ ಕಳಿಸಬೇಡಿ. ಆ ಪ್ಲಾಸ್ಟಿಕ್ಕೂ ಯುವಿ-ಬಿ ತಡೆಯುವುದರಿಂದ ಮೊದಲೆರಡು ಡಬ್ಬಿಗಳಲ್ಲಿ ವ್ಯತ್ಯಾಸವೇ ಕಾಣದು.

ಪಾಚಿ ನೀರು ತಿಳಿ ಹಸಿರಾಗಿ, 1 ಸೆಂ.ಮೀ. ಆಳವಷ್ಟೇ ಇರಬೇಕು; ದಟ್ಟವಾದರೆ ಮೇಲಿನ ಕೋಶಗಳ ನೆರಳಲ್ಲಿ ಕೆಳಗಿನವು ಉಳಿದುಬಿಡುತ್ತವೆ. ಹೆಚ್ಚಾಗಿ ಕೆಡುವುದು ಕಾವಿನಿಂದ. ಮುಂಬೈ ಟೆರೇಸ್‌ನ ಸಿಮೆಂಟು ಮಧ್ಯಾಹ್ನ ಎಷ್ಟು ಕಾಯುತ್ತದೆಂದು ನಿಮಗೇ ಗೊತ್ತು. ನೀರು 40 ಡಿಗ್ರಿ ದಾಟಿದರೆ ಪಾಚಿ ಬೇಯುತ್ತದೆ, ತಪ್ಪು ನೇರಳಾತೀತದ ತಲೆಗೆ ಬರುತ್ತದೆ! ಹಾಗಾಗಿ ಡಬ್ಬಿಗಳನ್ನು ನೀರು ತುಂಬಿದ ಟ್ರೇಯಲ್ಲಿಟ್ಟು ಉಷ್ಣಮಾಪಕದಿಂದ ನೋಡುತ್ತಿರುತ್ತೇವೆ. ಆವಿಯಾದಷ್ಟು ನೀರನ್ನು ಸಂಜೆ ಗುರುತಿನವರೆಗೆ ತುಂಬುತ್ತೇವೆ, ಇಲ್ಲವಾದರೆ ಉಪ್ಪಿನಂಶ ಏರುತ್ತದೆ.

ಪಾಲಿಥೀನ್ ಡಬ್ಬಿಯಲ್ಲಿ ಫೈಕೊಸಯಾನಿನ್ ಎಂಬ ನೀಲಿ ವರ್ಣದ್ರವ್ಯ ಬೇಗ ಹಾಳಾಗಿ ಬಣ್ಣ ಹಳದಿಗೆ ತಿರುಗಬೇಕು. ಸೂಕ್ಷ್ಮದರ್ಶಕದಲ್ಲಿ ಪಾಚಿಯ ಸುರುಳಿ ಎಳೆಗಳು ತುಂಡಾಗಿರುವುದೂ ಕಾಣಬಹುದು. ಒಳಗೆ ಡಿಎನ್‌ಎಯಲ್ಲಿ ಅಕ್ಕಪಕ್ಕದ ಥೈಮಿನ್ ಎಂಬ ಘಟಕಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಫೋಟೊಲೈಯೇಸ್ ಎಂಬ ಕಿಣ್ವ ಅವನ್ನು ಬಿಡಿಸುತ್ತದೆ, ಆದರೆ ಅದಕ್ಕೆ ನೀಲಿ ಬೆಳಕು ಬೇಕು. ಆದ್ದರಿಂದ ಬಿಸಿಲಿನಿಂದ ತೆಗೆದ ಮೂರೂ ಡಬ್ಬಿಗಳನ್ನು ಒಂದೇ ಕಿಟಕಿಯ ಬಳಿ ಇಡಬೇಕು. ಒಂದು ಡಬ್ಬಿ ಕಪಾಟಿನ ಕತ್ತಲಿಗೆ ಹೋದರೂ ಹೋಲಿಕೆ ಕೆಟ್ಟಂತೆ.

ಸೊಸೈಟಿಯ ಗೋಡೆಯಿಂದ ಕೆರೆದ ಪಾಚಿ ಬೇಡ. ಮಳೆಗಾಲ ಕಳೆದ ಮೇಲೂ ಅಲ್ಲಿ ಉಳಿಯುವ ಕಪ್ಪಿಗೆ ಸೈಟೊನೆಮಿನ್ ಎಂಬ ವರ್ಣದ್ರವ್ಯವೂ ಒಂದು ಕಾರಣ. ಅದು ನೇರಳಾತೀತವನ್ನು ಹೀರಿ ಕೋಶಗಳನ್ನು ಕಾಯುವುದರಿಂದ ನಮ್ಮ ಅಲ್ಪಾವಧಿಯಲ್ಲಿ ಫಲಿತಾಂಶ ಸಿಗದು.

ಮಕ್ಕಳಿಗೆ ಟೋಪಿ, ತುಂಬುತೋಳಿನ ಅಂಗಿ, ಕುಡಿಯುವ ನೀರು ಕೊಟ್ಟು ಕಳಿಸಿ. ಡಬ್ಬಿಯ ಸ್ಪಿರುಲಿನಾವನ್ನು ಯಾರೂ ರುಚಿ ನೋಡಕೂಡದು; ತೆರೆದ ನೀರಿನಲ್ಲಿ ವಿಷಕಾರಿ ಪಾಚಿಯೂ ಸೇರಬಹುದು. ಮಗುವಿಗೆ ಬಿಸಿಲು ಆಗದ ಚರ್ಮದ ತೊಂದರೆಯಿದ್ದರೆ, ಇಲ್ಲವೇ ಚರ್ಮಕ್ಕೆ ಬಿಸಿಲು ತಾಳದಂತೆ ಮಾಡುವ ಡಾಕ್ಸಿಸೈಕ್ಲಿನ್‌ನಂಥ ಔಷಧ ನಡೆಯುತ್ತಿದ್ದರೆ, ಒಪ್ಪಿಗೆ ಚೀಟಿಯಲ್ಲಿ ಬರೆಯಿರಿ. ಅಂಥವರಿಗೆ ಒಳಗಿನ ಸೂಕ್ಷ್ಮದರ್ಶಕದ ಕೆಲಸ ಕೊಡುತ್ತೇವೆ. ಚೀಟಿ ರಜೆಗೆ ಮೊದಲೇ ತರಗತಿ ಶಿಕ್ಷಕರ ಕೈ ಸೇರಲಿ.

ಇಂತಿ,
ಮುಖ್ಯೋಪಾಧ್ಯಾಯಿನಿ
ಕನ್ನಡ ಮಾಧ್ಯಮ ಪ್ರೌಢಶಾಲೆ, ಮುಂಬೈ