ಭಾನುವಾರ ನಕ್ಷೆ ಕೆಲಸ: ಎಲ್ಲರೂ ಬನ್ನಿ

ನಮಸ್ಕಾರ. ಊರಿನ ಗಿಡ, ಪ್ರಾಣಿ, ಕಾಡುಗಳನ್ನು ಉಳಿಸಲು ಇರುವ ಜೀವವೈವಿಧ್ಯ ನಿರ್ವಹಣಾ ಸಮಿತಿಯ ನಕ್ಷೆ ಕೆಲಸ ಈ ಭಾನುವಾರ ಬೆಳಿಗ್ಗೆ 10ಕ್ಕೆ, ಪಂಚಾಯ್ತಿ ಸಭಾಂಗಣದಲ್ಲಿ. ಊರಿನ ದೊಡ್ಡ ನಕ್ಷೆ ನೆಲಕ್ಕೆ ಹಾಸಿರುತ್ತೇವೆ. ದೇವರಕಾಡು, ಬೇಸಿಗೆಯಲ್ಲೂ ಬತ್ತದ ಒರತೆ, ಹೆಜ್ಜೇನು ಕಟ್ಟುವ ಮರ, ಆನೆ ದಾಟುವ ಜಾಗ ಎಲ್ಲವನ್ನೂ ನೀವೇ ಗುರುತು ಮಾಡಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ತಮ್ಮ ಪೂಜಾ ಸ್ಥಳಗಳನ್ನು ಹೀಗೇ ನಕ್ಷೆಗೆ ತಂದವರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಕಾಡನ್ನು ಒಟ್ಟಾಗಿ ಬಳಸುವ, ಕಾಪಾಡುವ ಹಕ್ಕು ಸಿಕ್ಕಿತು. ನಕ್ಷೆಯಲ್ಲೇ ಇಲ್ಲದ ಒರತೆಯನ್ನು ಉಳಿಸಿ ಅಂತ ಯಾರ ಹತ್ತಿರ ಕೇಳೋಣ?

ಸೊಪ್ಪು, ಸೌದೆಗೆ ಹೋಗುವ ಹೆಂಗಸರು, ದನ ಕಾಯುವವರು ಖಂಡಿತ ಬರಬೇಕು. ಕಾಡು ಹೆಚ್ಚು ಗೊತ್ತಿರುವುದು ಅವರಿಗೇ. ಔಷಧಿ ಗಿಡಗಳ ಜಾಗ ಬೇರೆ ಹಾಳೆಯಲ್ಲಿರುತ್ತದೆ, ಹೊರಗೆ ಕೊಡುವುದಿಲ್ಲ. ನಕ್ಷೆಯ ಫೋಟೋ ತೆಗೆದು ಯಾರೂ ಫಾರ್ವರ್ಡ್ ಮಾಡಬೇಡಿ.